ಕಿಟಕಿ ಕೆಳಕ್ಕೆ ಬೆಳೆಯಲಿ

ಹಳೆಯ ಮನೆ ರಿಪೇರಿಗೆ ಕೈಹಾಕಿದವರೆಲ್ಲ ಮೊದಲು ಕೇಳುವುದು ಬೆಳಕನ್ನು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಗಳಲ್ಲಿ, ಪಾಂಡವಪುರದ ಹಳೇ ಕೇರಿಗಳಲ್ಲಿ, ಕೆ.ಆರ್.ಪೇಟೆ ಮತ್ತು ನಾಗಮಂಗಲ ಸುತ್ತಿನ ಹಳ್ಳಿಗಳಲ್ಲಿ ತೊಟ್ಟಿಮನೆಗಳು, ನಾಡಹೆಂಚಿನ ಮನೆಗಳು, ಮದ್ರಾಸ್ ತಾರಸಿಯ ಮನೆಗಳು ಇನ್ನೂ ಉಳಿದಿವೆ. ಇವುಗಳ ಒಳಕೋಣೆಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಬೇಕು. ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಕಿಟಕಿಯ ಅಗಲ ಎರಡೂವರೆ ಅಡಿ ಇದ್ದರೆ ಹೆಚ್ಚು, ಅದರಲ್ಲೂ ಚೌಕಟ್ಟು, ಸರಳುಗಳು ನುಂಗಿದ್ದು ಹೋಗಿ ಉಳಿದಷ್ಟೇ ಬೆಳಕು.

ಕಟ್ಟಿದವರಿಗೆ ತಿಳಿವಳಿಕೆ ಇರಲಿಲ್ಲ ಎಂದಲ್ಲ. ಹಗಲೆಲ್ಲ ಹೊಲದಲ್ಲೋ ತೊಟ್ಟಿಯ ಸುತ್ತಲೋ ಇರುತ್ತಿದ್ದವರಿಗೆ ಒಳಕೋಣೆ ಬೇಕಾಗುತ್ತಿದ್ದುದು ಮಲಗಲು, ಕಾಳುಕಡ್ಡಿ ಇಡಲು. ಕಳ್ಳರ ಭಯವಿತ್ತು, ಬೇಸಿಗೆಯ ಧಗೆ ಇತ್ತು. ಈಗ ಅದೇ ಕೋಣೆಯಲ್ಲಿ ಮಕ್ಕಳು ಓದುತ್ತಾರೆ, ಮೊಣಕಾಲು ನೋವಿನ ಅಜ್ಜಿ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಕೂರುತ್ತಾರೆ. ಕಿಟಕಿ ದೊಡ್ಡದಾಗಬೇಕೆಂಬ ಬಯಕೆ ನ್ಯಾಯವಾದದ್ದೇ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಒಣಹವೆಯ ಬಿಸಿ ಪ್ರದೇಶಗಳಲ್ಲೂ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಇರಲಿ ಎನ್ನುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ 12 ಚದರ ಅಡಿ ಕಿಟಕಿ ಬೇಕು. ಎರಡೂವರೆ ಅಡಿ ಅಗಲ, ಮೂರು ಅಡಿ ಎತ್ತರದ ಹಳೇ ಕಿಟಕಿ ಕೊಡುವುದು ಏಳೂವರೆ ಚದರ ಅಡಿ ಮಾತ್ರ.

ಮೇಸ್ತ್ರಿಯನ್ನು ಕರೆಸಿದರೆ ಅವರು ಗೋಡೆಗೆ ಎರಡು ಸಲ ಕೈಯಿಂದ ತಟ್ಟಿ, "ಅದೇನ್ ಮಹಾ ಬುಡಿ ಅಣ್ಣ, ಎರಡು ದಿನದ ಕೆಲ್ಸ. ಆರಡಿ ಕಿಟಕಿ ಕೂರಿಸಿಬುಡನ" ಎನ್ನುತ್ತಾರೆ. ಬೆಂಗಳೂರಿನಿಂದ ಬಂದ ಮಗ ಫೋನಿನಲ್ಲಿ ಮೂರು ರೆಕ್ಕೆಯ ಅಲ್ಯುಮಿನಿಯಂ ಕಿಟಕಿಯ ಚಿತ್ರ ತೋರಿಸುತ್ತಾನೆ. ಎಲ್ಲರೂ ಒಪ್ಪುತ್ತಾರೆ. ಆ ಗೋಡೆ ಇಷ್ಟು ವರ್ಷ ಏನನ್ನು ಹೊತ್ತುಕೊಂಡು ನಿಂತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಮಾತುಕತೆ ಮುಗಿದು ಸುತ್ತಿಗೆ ಏಳುವ ಮೊದಲಿನ ಆ ಒಂದು ಪ್ರಶ್ನೆಯ ಬಗ್ಗೆ.

ಕಾಂಕ್ರೀಟ್ ಕಂಬ, ತೊಲೆಗಳ ಹೊಸ ಮನೆಯಲ್ಲಿ ಗೋಡೆ ಬರೀ ಮರೆ. ಅದನ್ನು ಪೂರ್ತಿ ತೆಗೆದರೂ ಛಾವಣಿ ನಿಲ್ಲುತ್ತದೆ. ಹಳೇ ಮನೆಯಲ್ಲಿ ಗೋಡೆಯೇ ಕಂಬ, ಗೋಡೆಯೇ ತೊಲೆ. ಜಂತೆಗಳ ಭಾರ ಗೋಡೆಯ ತಲೆಗೆ ಬಂದು ಅಲ್ಲಿಂದ ಪಾಯಕ್ಕೆ ಇಳಿಯುತ್ತದೆ. ದಾರಿಯಲ್ಲಿ ಕಿಟಕಿ ಅಡ್ಡ ಬಂದರೆ ಭಾರ ಅದರ ಎರಡೂ ಪಕ್ಕಕ್ಕೆ ಸರಿದು ಇಳಿಯುತ್ತದೆ. ಕಿಟಕಿಯ ನೆತ್ತಿಯ ಮೇಲೆ ಗೋಡೆ ಸಾಕಷ್ಟು ಎತ್ತರವಿದ್ದರೆ, ಕಲ್ಲು ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದು ತಾವೇ ಕಮಾನು ಕಟ್ಟಿಕೊಳ್ಳುತ್ತವೆ. ಆಗ ಕಿಟಕಿ ಮೇಲಿನ ಅಡ್ಡತೊಲೆ, ನಾವು ಲಿಂಟಲ್ ಎನ್ನುವುದು, ಹೊರಬೇಕಾದದ್ದು ತನ್ನ ಮೇಲಿನ ಒಂದು ತ್ರಿಕೋನದಷ್ಟು ಗೋಡೆಯನ್ನು ಮಾತ್ರ.

ಒಂದೂವರೆ ಅಡಿ ದಪ್ಪದ ಗೋಡೆಯಲ್ಲಿ ಮೂರು ಅಡಿ ಅಗಲದ ಕಿಟಕಿಯ ಮೇಲಿನ ಆ ತ್ರಿಕೋನ ಸುಮಾರು 300 ಕೆಜಿ ತೂಗುತ್ತದೆ. ಅದೇ ಕಿಟಕಿಯನ್ನು ಆರು ಅಡಿಗೆ ಅಗಲಿಸಿ. ತ್ರಿಕೋನ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ: ಸುಮಾರು 1,200 ಕೆಜಿ. ಲಿಂಟಲನ್ನು ಬಗ್ಗಿಸಿ ಮುರಿಯಲು ನೋಡುವ ಬಲ ಎಂಟು ಪಟ್ಟಾಗುತ್ತದೆ. ಮೂರು ಅಡಿಗೆ ಇಟ್ಟ ತೊಲೆಗಿಂತ "ಸ್ವಲ್ಪ ದಪ್ಪದ್ದು" ಇಟ್ಟರೆ ಸಾಕೆಂಬ ಅಂದಾಜು ಸೋಲುವುದು ಇಲ್ಲಿ.

ನಮ್ಮ ಕಡೆಯ ಮನೆಗಳಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗೋಡೆ ಎತ್ತರವಿಲ್ಲ. ಕಿಟಕಿಯ ನೆತ್ತಿಯಿಂದ ಜಂತೆಗೆ ಎರಡೂವರೆ, ಮೂರು ಅಡಿ ಇದ್ದರೆ ಹೆಚ್ಚು. ಮೂರು ಅಡಿ ಕಿಟಕಿಯ ತ್ರಿಕೋನ ಅಷ್ಟರೊಳಗೆ ಹಿಡಿಸುತ್ತದೆ. ಆರು ಅಡಿಯದಕ್ಕೆ ಐದು ಅಡಿಗೂ ಮಿಕ್ಕಿ ಗೋಡೆ ಬೇಕು, ಅದು ಅಲ್ಲಿಲ್ಲ. ಆಗ ಕಮಾನೇ ಕೂಡುವುದಿಲ್ಲ. ಮೇಲಿನ ಛಾವಣಿಯ ಭಾರ ನೇರವಾಗಿ ಲಿಂಟಲಿನ ಮೇಲೆ ಕೂರುತ್ತದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರಿನ ಗಾರೆ ಬಡಿದ ಮದ್ರಾಸ್ ತಾರಸಿ ಚದರ ಮೀಟರಿಗೆ ನಾಲ್ಕೈದು ನೂರು ಕೆಜಿ ತೂಗುತ್ತದೆ. ಹನ್ನೆರಡು ಅಡಿ ಕೋಣೆಯ ಅರ್ಧ ಭಾರ ಈ ಗೋಡೆಗೆ ಎಂದು ಲೆಕ್ಕ ಹಾಕಿದರೆ ಆರು ಅಡಿ ಕಿಟಕಿಯ ಮೇಲೆ ಇನ್ನೂ ಒಂದೂವರೆ ಟನ್ ಹತ್ತಿರ ಬಂತು.

ಹಾಗಾಗಿ ಮೊದಲು ತಲೆ ಎತ್ತಿ ಜಂತೆಗಳನ್ನು ನೋಡಬೇಕು. ಅವು ಯಾವ ಗೋಡೆಯ ಮೇಲೆ ತುದಿ ಊರಿವೆ? ಜಂತೆ ಹೊತ್ತ ಗೋಡೆ ಬೇರೆ, ಜಂತೆಗೆ ಸಮಾನಾಂತರವಾಗಿ ನಿಂತ ಗೋಡೆ ಬೇರೆ. ಎರಡನೆಯದರಲ್ಲಿ ಕಿಟಕಿ ಅಗಲಿಸುವುದು ಅರ್ಧದಷ್ಟು ಅಪಾಯದ ಕೆಲಸ. ದೊಡ್ಡ ತೊಲೆಯ ತುದಿ ಯಾವ ಜಾಗದಲ್ಲಿ ಗೋಡೆಯನ್ನು ಹೊಕ್ಕಿದೆಯೋ ಅದರ ಕೆಳಗೆ ಕಿಟಕಿ ತರುವ ಯೋಚನೆಯನ್ನೇ ಬಿಡಬೇಕು. ಹೆಂಚಿನ ಮನೆಯಲ್ಲಿ ಛಾವಣಿ ಹಗುರ, ಆದರೆ ಇಳಿಜಾರು ಮಾಡು ಗೋಡೆಯನ್ನು ಹೊರಕ್ಕೂ ತಳ್ಳುತ್ತಿರುತ್ತದೆ. ಗೋಡೆ ಉದ್ದಕ್ಕೂ ಇಡಿಯಾಗಿದ್ದರೆ ಆ ತಳ್ಳಾಟ ತಡೆಯುತ್ತದೆ, ನಡುವೆ ಅಗಲವಾಗಿ ಸೀಳಿದರೆ ಹೊಟ್ಟೆ ಬಿಡುತ್ತದೆ.

ಭಾರ ಪಕ್ಕಕ್ಕೆ ಸರಿಯುತ್ತದೆ ಎಂದೆನಲ್ಲ, ಆ ಪಕ್ಕದ ಗೋಡೆಯ ಗತಿಯನ್ನೂ ನೋಡಬೇಕು. ಕಿಟಕಿ ಎರಡೂ ಕಡೆ ಒಂದೂವರೆ ಅಡಿ ಅಗಲವಾದರೆ ಪಕ್ಕದ ಗೋಡೆ ಅಷ್ಟು ಕಿರಿದಾಗುತ್ತದೆ, ಹೊರುವ ಭಾರ ಮಾತ್ರ ಹೆಚ್ಚುತ್ತದೆ. ಕಿಟಕಿ ಮೂಲೆಗೆ ಹತ್ತಿರ ಬಂದರೆ ಮನೆಯ ಎರಡು ಗೋಡೆಗಳನ್ನು ಕಟ್ಟಿಹಾಕುವ ಮೂಲೆಯೇ ಸಡಿಲವಾಗುತ್ತದೆ. ಮಣ್ಣಿನ ಕಟ್ಟಡಗಳ ಭೂಕಂಪ ನಿರೋಧಕ್ಕೆಂದು 1993ರಲ್ಲಿ ಬಂದ ಭಾರತೀಯ ಮಾನಕ 13827 ಇಂಥ ಗೋಡೆಯಲ್ಲಿ ಯಾವ ಕಿಂಡಿಯೂ 1.2 ಮೀಟರಿಗಿಂತ, ಅಂದರೆ ನಾಲ್ಕು ಅಡಿಗಿಂತ ಅಗಲ ಇರಬಾರದು, ಹೊರಮೂಲೆಯಿಂದ ಕನಿಷ್ಠ ಅಷ್ಟು ದೂರ ಇರಬೇಕು, ಲಿಂಟಲ್ ಎರಡೂ ಕಡೆ ಕನಿಷ್ಠ 300 ಮಿಲಿಮೀಟರ್ ಗೋಡೆಯ ಮೇಲೆ ಕೂರಬೇಕು ಎನ್ನುತ್ತದೆ. ಮಂಡ್ಯ ಜಿಲ್ಲೆಗೆ ಭೂಕಂಪದ ಭಯ ಅಷ್ಟಿಲ್ಲ. ಆದರೂ ಆ ಮೂರು ಅಳತೆಗಳು ಮಣ್ಣುಗೋಡೆಯ ಶಕ್ತಿ ಎಷ್ಟೆಂಬುದನ್ನು ಬಲ್ಲವರು ಬರೆದವು. ನಮ್ಮ ಮೇಸ್ತ್ರಿಗಳು ಲಿಂಟಲಿಗೆ ಕೊಡುವ ಆರು ಇಂಚಿನ ಕೂರಿಕೆ ಸುಟ್ಟ ಇಟ್ಟಿಗೆ, ಸಿಮೆಂಟಿನ ಗೋಡೆಯ ಲೆಕ್ಕ; ಮಣ್ಣುಗೋಡೆಯಲ್ಲಿ ಅಷ್ಟಕ್ಕೆ ಗೋಡೆಯ ಅಂಚು ಪುಡಿಯಾಗುತ್ತದೆ.

ಇದನ್ನೆಲ್ಲ ಇಟ್ಟುಕೊಂಡು ನೋಡಿದರೆ ನನ್ನ ಸಲಹೆ ಒಂದೇ: ಕಿಟಕಿಯನ್ನು ಅಗಲಿಸಬೇಡಿ, ಕೆಳಕ್ಕೆ ಇಳಿಸಿ.

ಕಿಟಕಿಯ ಕೆಳಗಿನ ತುಂಡು ಗೋಡೆ, ಮನೆಯಲ್ಲೇ ಅತ್ಯಂತ ಕಡಿಮೆ ಭಾರ ಹೊತ್ತದ್ದು. ಅದರ ಮೇಲೆ ಇರುವುದು ಚೌಕಟ್ಟು ಮತ್ತು ಖಾಲಿ ಜಾಗ. ಮೂರೂವರೆ ಅಡಿ ಎತ್ತರದಲ್ಲಿರುವ ಹಾಸನ್ನು, ಅಂದರೆ ಚೌಕಟ್ಟಿನ ಅಡಿಯ ಹಾಸುಗಲ್ಲನ್ನು, ಒಂದೂವರೆ ಅಡಿಗೆ ಇಳಿಸಿದರೆ ಲಿಂಟಲ್ ಅಲುಗುವುದಿಲ್ಲ, ಪಕ್ಕದ ಗೋಡೆ ಕಿರಿದಾಗುವುದಿಲ್ಲ, ಮೇಲಿನ ಕಮಾನು ಮುರಿಯುವುದಿಲ್ಲ. ಎರಡೂವರೆ ಅಡಿ ಅಗಲಕ್ಕೆ ಈಗ ಐದು ಅಡಿ ಎತ್ತರ. ಹನ್ನೆರಡೂವರೆ ಚದರ ಅಡಿ. ಸಂಹಿತೆ ಕೇಳಿದ್ದು ಹನ್ನೆರಡು! ಕೂತ ಅಜ್ಜಿಗೆ ಬೀದಿ ಕಾಣುತ್ತದೆ, ಗಾಳಿ ಮೈಮಟ್ಟದಲ್ಲಿ ಬರುತ್ತದೆ. ಖರ್ಚಾಗುವುದು ಒಂದು ಚೌಕಟ್ಟು, ಒಂದು ಹಾಸುಗಲ್ಲು, ಮಕ್ಕಳು ಹೊರಬೀಳದಂತೆ ಗಟ್ಟಿ ಸರಳು, ಒಂದಿಷ್ಟು ಗಾರೆ ಕೆಲಸ.

ಇದರಲ್ಲಿ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವಂತಿಲ್ಲ. ಕೋಣೆಯ ಆಳಕ್ಕೆ ಬೆಳಕು ಒಯ್ಯುವುದು ಕಿಟಕಿಯ ಮೇಲ್ಭಾಗ. ಕೆಳಭಾಗದ ಬೆಳಕು ನೆಲಕ್ಕೆ ಬಿದ್ದು ಅಲ್ಲೇ ಉಳಿಯುತ್ತದೆ. ಅದಕ್ಕೆ ಎರಡು ಪೂರಕ ಉಪಾಯಗಳಿವೆ. ಗೋಡೆ ದಪ್ಪವಿರುವುದರಿಂದ ಕಿಟಕಿಯ ಒಳಬದಿಯ ಅಂಚನ್ನು ಓರೆಯಾಗಿ ಕೆತ್ತಿ ಬಿಳಿ ಸುಣ್ಣ ಹೊಡೆದರೆ, ಹೊರಗಿನ ಅಗಲ ಅಷ್ಟೇ ಇದ್ದು ಒಳಗೆ ಬೆಳಕು ಹರಡಿಕೊಳ್ಳುತ್ತದೆ. ಆದರೆ ಕೆತ್ತುವ ಮೊದಲು ಒಳಬದಿಯ ಲಿಂಟಲ್ ಎಷ್ಟು ಉದ್ದ ಹೋಗಿದೆ ಎಂದು ಗಾರೆ ಬಿಡಿಸಿ ನೋಡಿಕೊಳ್ಳಬೇಕು. ಅದರ ಕೂರಿಕೆಯನ್ನೇ ಕೆತ್ತಿಬಿಟ್ಟರೆ ಉಪಾಯ ಅಪಾಯವಾಗುತ್ತದೆ. ಇನ್ನೊಂದು ನಮ್ಮ ಹಿರಿಯರೇ ಬಳಸಿದ ಗಾಜಿನ ಹೆಂಚು. ನಾಲ್ಕು ಗಾಜಿನ ಹೆಂಚು ಗೋಡೆಗೆ ಒಂದು ಗೀರೂ ಬೀಳಿಸದೆ ಕತ್ತಲ ಕೋಣೆಯನ್ನು ಬೆಳಗುತ್ತವೆ. ಆರಡಿ ಕಿಟಕಿಯ ಹಟ ಹಿಡಿದವರು ಇದನ್ನು ಮೊದಲು ಮಾಡಿ ಒಂದು ತಿಂಗಳು ಇದ್ದು ನೋಡಲಿ ಎಂಬುದು ನನ್ನ ಕೋರಿಕೆ.

ಕೆಳಕ್ಕೆ ಇಳಿಸಿ ಎಂಬ ಮಾತು ಒಂದು ಬಗೆಯ ಮನೆಗೆ ಮಾತ್ರ ಸಲ್ಲದು: ನೆಲದೊಳಗೆ ಇಳಿದ ಮನೆಗೆ.

ನಮ್ಮಲ್ಲಿ ಅಮೆರಿಕದವರ ಹಾಗೆ ನೆಲಮಾಳಿಗೆ ಕಟ್ಟುವ ರೂಢಿ ಇಲ್ಲ. ಆದರೆ ಕಟ್ಟದೆಯೇ ನೆಲಮಾಳಿಗೆಯಾದ ಮನೆಗಳು ಹಳೇ ಬೀದಿಗಳಲ್ಲಿವೆ. ಪ್ರತಿ ಸಲ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕುತ್ತಾ ರಸ್ತೆ ಏರಿದೆ. ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿಗೆ ಈಗ ರಸ್ತೆಯಿಂದ ಇಳಿದು ಹೋಗಬೇಕು. ದಿಬ್ಬದ ಪಕ್ಕದ, ಕೆರೆ ಏರಿಯ ಕೆಳಗಿನ ಮನೆಗಳಲ್ಲೂ ಹಿಂಗೋಡೆಯ ಅರ್ಧ ಮಣ್ಣಿಗೆ ತಾಗಿರುತ್ತದೆ. ಇಂಥ ಗೋಡೆ ಮೇಲಿನ ಭಾರ ಹೊರುವುದರ ಜೊತೆಗೆ ಪಕ್ಕದ ಮಣ್ಣನ್ನೂ ತಡೆದು ನಿಂತಿರುತ್ತದೆ. ಆಚೆಯ ಮಣ್ಣು ಎರಡು ಪಟ್ಟು ಎತ್ತರವಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಮಣ್ಣು ನೀರು ಕುಡಿದರೆ ಇನ್ನೂ ಹೆಚ್ಚು. ಆ ತಳ್ಳಾಟ ಅತಿ ಹೆಚ್ಚಿರುವುದು ಬುಡದಲ್ಲಿ, ಅಂದರೆ ಕಿಟಕಿಯ ಕೆಳಗೆ ನಾವು "ಸುಮ್ಮನೆ ನಿಂತಿದೆ" ಎಂದುಕೊಂಡ ಆ ತುಂಡು ಗೋಡೆಯಲ್ಲಿ.

ಅಂಥ ಮನೆಯಲ್ಲಿ ಹಾಸನ್ನು ಹೊರಗಿನ ನೆಲಮಟ್ಟಕ್ಕಿಂತ ಒಂದು ಅಡಿ ಮೇಲೆಯೇ ನಿಲ್ಲಿಸಬೇಕು. ಯೂಟ್ಯೂಬಿನಲ್ಲಿ ಅಮೆರಿಕದವರು ನೆಲಮಾಳಿಗೆಯ ಗೋಡೆ ಕೊರೆದು, ಹೊರಗಡೆ ಬಾವಿಯಂತೆ ತೋಡಿ, ಬೆಂಕಿ ಬಿದ್ದರೆ ಹತ್ತಿ ತಪ್ಪಿಸಿಕೊಳ್ಳಲು ದೊಡ್ಡ ಕಿಟಕಿ ಇಡುವುದನ್ನು ನೋಡಿ ನಮ್ಮಲ್ಲೂ ಮಾಡಬಹುದೇ ಎಂದು ಕೇಳುವವರಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಇರುವುದು ಕಾಂಕ್ರೀಟಿನ ಗೋಡೆ, ಆ ಬಾವಿಯ ತಳದಲ್ಲಿ ಬಸಿಗಾಲುವೆ. ನಮ್ಮ ಬೀದಿಯಲ್ಲಿ ಅಂಥ ಗುಂಡಿ ತೋಡಿದರೆ ಮೊದಲ ಮಳೆಗೆ ಚರಂಡಿ ನೀರು ಅದರಲ್ಲಿ ತುಂಬಿ, ನೇರ ಕೋಣೆಯೊಳಗೆ ಬರುತ್ತದೆ. ಕಾವೇರಿ ದಡದ ಶ್ರೀರಂಗಪಟ್ಟಣದಲ್ಲಿ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ತಗ್ಗಿನ ಜಾಗಗಳ ಪಾಡೇನೆಂದು ಬಿಡಿಸಿ ಹೇಳಬೇಕಿಲ್ಲ. ಇಳಿದ ಮನೆಗೆ ಬೆಳಕು ಮೇಲಿನಿಂದ, ಗಾಜಿನ ಹೆಂಚಿನಿಂದಲೋ ತೊಟ್ಟಿಯಿಂದಲೋ ಬರಬೇಕು.

ನೆಲದೊಳಗಿನ ಕೋಣೆ ಹೇಗೆ ನಿಲ್ಲುತ್ತದೆ ಎಂದು ನೋಡಬೇಕಾದರೆ ಶ್ರೀರಂಗಪಟ್ಟಣದಲ್ಲೇ ಒಂದು ಪಾಠವಿದೆ. ರಂಗನಾಥಸ್ವಾಮಿ ದೇವಸ್ಥಾನದಿಂದ ತುಸು ದೂರದಲ್ಲಿ, ಕೋಟೆಯ ಹೊಳೆಬದಿಯಲ್ಲಿ ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆ ಇದೆ. 1782ರಲ್ಲಿ ಸೆರೆಯಲ್ಲೇ ತೀರಿಕೊಂಡ ಬ್ರಿಟಿಷ್ ಅಧಿಕಾರಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ; ಇಟ್ಟಿಗೆ ಮತ್ತು ಗಾರೆಯ ಕಮಾನು ಛಾವಣಿ. ಗೋಡೆಯಲ್ಲಿ ಕೈದಿಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದ ತೂತುಗಲ್ಲುಗಳು ಈಗಲೂ ಇವೆ. ಒಳಗೆ ಒಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಅದು ಮೇಲಿನ ಕೊತ್ತಲದಿಂದ ಉರುಳಿ, ಛಾವಣಿ ಒಡೆದುಕೊಂಡು ಕೆಳಗೆ ಬಿತ್ತೆಂದು ಹೇಳುತ್ತಾರೆ. ಅಷ್ಟಾದರೂ ಉಳಿದ ಕಮಾನುಗಳು ನಿಂತಿವೆ. ಕಮಾನಿನ ನೆತ್ತಿಯಲ್ಲಿ ಒಂದು ಕಡೆ ತೂತು ಬಿದ್ದರೆ ಅಕ್ಕಪಕ್ಕದ ಇಟ್ಟಿಗೆಗಳು ಭಾರವನ್ನು ಸುತ್ತುಹಾಕಿ ಇಳಿಸಿಬಿಡಬಲ್ಲವು. ಆದರೆ ಕಮಾನು ಪಾದ ಊರಿದ ಗೋಡೆಯನ್ನು ಅಗಲವಾಗಿ ಕತ್ತರಿಸಿದ್ದರೆ, ಕಾಲು ಜಾರಿದ ಹಾಗೆ ಇಡೀ ಛಾವಣಿ ಕುಸಿಯುತ್ತಿತ್ತು. ಆ ಕಟ್ಟಡದಲ್ಲಿ ಬೆಳಕಿನ ಕಿಂಡಿಗಳು ಇಷ್ಟು ಕಡಿಮೆ ಏಕೆಂದರೆ ಅದು ಸೆರೆಮನೆ ಎಂಬುದು ಒಂದು ಕಾರಣ. ಮಣ್ಣನ್ನೂ ಕಮಾನನ್ನೂ ಒಟ್ಟಿಗೆ ತಡೆಯುವ ಗೋಡೆ ಕಿಂಡಿಗಳನ್ನು ಸಹಿಸುವುದಿಲ್ಲ ಎಂಬುದು ಇನ್ನೊಂದು.

ಇನ್ನೊಂದು ನೆಲಮಾಳಿಗೆ ನಮ್ಮ ರೈತರದ್ದು: ಹಗೇವು. ಮನೆಯ ಮುಂದೆಯೋ ನಡುಮನೆಯಲ್ಲೋ ಸಣ್ಣ ಬಾಯಿಯ ಗುಂಡಿ ತೋಡಿ, ಒಳಗೆ ಹೊಟ್ಟೆ ಅಗಲಿಸಿ, ಹುಲ್ಲು ಹಾಸಿ ರಾಗಿ ತುಂಬಿ ಕಲ್ಲು ಮುಚ್ಚುತ್ತಿದ್ದರು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ನಾಗಮಂಗಲದಂಥ ಒಣ ತಾಲ್ಲೂಕಿನಲ್ಲಿ ಬರದ ವರ್ಷಕ್ಕೆ ಅದೇ ಆಸರೆ. ಈಗ ಹಗೇವು ತೆಗೆಯುವವರಿಲ್ಲ, ಎಷ್ಟೋ ಕಡೆ ಬಾಯಿ ಮುಚ್ಚಿ ಮೇಲೆ ನೆಲ ಮಾಡಿಬಿಟ್ಟಿದ್ದಾರೆ; ಒಳಗಿನ ಪೊಳ್ಳು ಹಾಗೇ ಇದೆ. ಕಿಟಕಿ ಅಗಲಿಸಿದಾಗ ಹೊಸ ತೊಲೆಯ ತುದಿಗಳು ಗೋಡೆಯ ಎರಡು ಜಾಗದಲ್ಲಿ ಒಂದೊಂದು ಟನ್ನಿಗೂ ಮಿಕ್ಕ ಭಾರವನ್ನು ಒಟ್ಟಿಗೆ ಇಳಿಸುತ್ತವೆ. ಉದ್ದಕ್ಕೂ ಹರಡಿ ಇಳಿಯುತ್ತಿದ್ದ ಭಾರವನ್ನು ತಾಳಿಕೊಂಡಿದ್ದ ಪಾಯಕ್ಕೆ ಆ ಎರಡು ಜಾಗದಲ್ಲಿ ಕೆಳಗೆ ಹಗೇವಿನ ಹೊಟ್ಟೆ ಸಿಕ್ಕರೆ ಗೋಡೆ ಕೂರುತ್ತದೆ, ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಕೆಲಸ ಶುರುಮಾಡುವ ಮುಂಚೆ ಮನೆಯ ಹಿರಿಯರನ್ನು "ಹಗೇವು ಎಲ್ಲಿತ್ತು ತಾತ?" ಎಂದು ಕೇಳುವುದು ಯಾವ ಎಂಜಿನಿಯರಿನ ಯಂತ್ರಕ್ಕಿಂತಲೂ ಉಪಯೋಗದ ಮಾತು. ಅವರಿಗೂ ನೆನಪಿಲ್ಲದಿದ್ದರೆ ಗೋಡೆಯ ಬುಡದ ಉದ್ದಕ್ಕೂ ಹಾರೆಯ ಹಿಂಬದಿಯಿಂದ ಕುಟ್ಟಿ ಸದ್ದು ಕೇಳಿ. ಪೊಳ್ಳಿದ್ದರೆ ಬಿಚ್ಚಿ, ಕಲ್ಲು ಮೊರಂ ತುಂಬಿ, ನೀರು ಹಾಕಿ ಗುದ್ದಿ ಗಟ್ಟಿಮಾಡಿದ ಮೇಲೆಯೇ ಮುಂದಿನ ಕೆಲಸ.

ಇಷ್ಟಾದ ಮೇಲೂ ಅಗಲಿಸಲೇಬೇಕಾದ ಸಂದರ್ಭ ಬರುತ್ತದೆ. ಮನೆಯ ಮುಂಭಾಗ ಅಂಗಡಿಯಾಗಬೇಕು, ಬೇರೆ ದಾರಿಯಿಲ್ಲ. ಆಗ ಲಿಂಟಲ್ ಯಾವುದು ಎಂಬ ಪ್ರಶ್ನೆ.

ಪಾಂಡವಪುರದ ಕಡೆ ಕಲ್ಲು ಸುಲಭವಾಗಿ ಸಿಗುತ್ತದೆ. ಹಾಗಾಗಿ ಉದ್ದದ ಕಲ್ಲುಕಂಬವನ್ನೇ ಅಡ್ಡ ಮಲಗಿಸುವ ಅಭ್ಯಾಸ ಇನ್ನೂ ಇದೆ. ಮೂರಡಿಗೆ ಅದು ಒಳ್ಳೆಯದೇ, ಆರಡಿಗೆ ಅಲ್ಲ. ಕಲ್ಲು ಒತ್ತಡವನ್ನು ಎಷ್ಟಾದರೂ ತಡೆಯುತ್ತದೆ, ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ಹತ್ತನೇ ಒಂದು ಭಾಗವಷ್ಟೇ. ನಮ್ಮ ಶಿಲ್ಪಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಯ ಹೊಯ್ಸಳ ಗುಡಿಗಳಲ್ಲಿ, ನಾಗಮಂಗಲದ ಕಂಬದಹಳ್ಳಿ ಬಸದಿಯಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದು ಅಂದಕ್ಕಷ್ಟೇ ಅಲ್ಲ. ಮೇಲಿನ ಕಲ್ಲುತೊಲೆ ಅದಕ್ಕಿಂತ ದೂರ ಚಾಚಿದರೆ ತಾಳುವುದಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಅಡಿಯಲ್ಲಿ ನೋಡಿ: ಹೊಳೆಯ ತುಂಬ ಸಾಲುಸಾಲು ಕಲ್ಲುಕಂಬ, ಮೇಲೆ ಮೋಟು ಮೋಟಾದ ಕಲ್ಲುತೊಲೆ. ಪ್ರವಾಹಗಳನ್ನು ತಡೆದು ಆ ಸೇತುವೆ ನಿಂತದ್ದಕ್ಕೆ ಆ ಸಂಯಮವೂ ಕಾರಣ. ಮರ ಮುರಿಯುವ ಮೊದಲು ಜೋತು ಬೀಳುತ್ತದೆ, ಕಿರುಗುಟ್ಟುತ್ತದೆ, ಎಚ್ಚರಿಕೆ ಕೊಡುತ್ತದೆ. ಕಲ್ಲು ಒಂದು ಕ್ಷಣದಲ್ಲಿ ನಡುವೆ ಪಟ್ಟೆಂದು ಒಡೆಯುತ್ತದೆ. ಹಳೇ ಕಲ್ಲು ಲಿಂಟಲಿನ ಅಡಿಯಲ್ಲಿ, ನಡುಮಧ್ಯೆ, ಕೂದಲೆಳೆಯ ಗೆರೆ ಕಂಡರೂ ಆ ಗೋಡೆಗೆ ಸುತ್ತಿಗೆ ತಾಗಿಸದೆ ಮೊದಲು ಕೆಳಗಿನಿಂದ ಆಸರೆ ಕೊಡಿ. ಅಗಲದ ಕಿಂಡಿಗೆ ಕಬ್ಬಿಣದ ಚಾನಲ್ ಅಥವಾ ಸರಳು ಲೆಕ್ಕ ಮಾಡಿ ಹಾಕಿದ ಕಾಂಕ್ರೀಟ್ ತೊಲೆಯೇ ಸರಿ. ಆ ಲೆಕ್ಕವನ್ನು ಎಂಜಿನಿಯರ್ ಮಾಡಬೇಕು. ಮನೆಗೆ ಬಂದು ಗೋಡೆ ನೋಡಿ ಮಾಡಬೇಕು, ಫೋಟೊ ನೋಡಿ ಅಲ್ಲ.

ಕೆಲಸದ ಕ್ರಮದಲ್ಲೇ ಹೆಚ್ಚು ಅನಾಹುತ ಆಗುವುದು. ಮೊದಲು ಗೋಡೆ ಒಡೆದು ಆಮೇಲೆ ತೊಲೆ ಇಡುತ್ತಾರೆ. ನಡುವಿನ ಆ ಕೆಲವು ಗಂಟೆ ಛಾವಣಿ ಅಭ್ಯಾಸಬಲದ ಮೇಲೆ ನಿಂತಿರುತ್ತದೆ. ಆಗಬೇಕಾದದ್ದು ತಿರುಗಾಮುರುಗಾ. ಇದಕ್ಕೂ ಶ್ರೀರಂಗಪಟ್ಟಣವೇ ಸಾಕ್ಷಿ. ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗಕ್ಕೆ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡವಾಗಿತ್ತು. ಅರ್ಧ ನೆಲದೊಳಗೆ ಹುದುಗಿದ, ದಪ್ಪ ಇಟ್ಟಿಗೆ ಗಾರೆಯ ಕಟ್ಟಡ. ಅದನ್ನು ಕೆಡವದೆ, 2017ರಲ್ಲಿ ಅಮೆರಿಕದ ಕಂಪನಿಯೊಂದರ ನೆರವಿನಿಂದ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಸಾವಿರ ಟನ್ ಆಸುಪಾಸಿನ ಭಾರ. ಮಾಡಿದ್ದೇನು? ಮೊದಲು ಅಡಿಯಲ್ಲಿ ಕಬ್ಬಿಣದ ತೊಲೆಗಳನ್ನು ತೂರಿಸಿ, ಜಾಕಿಗಳು ಭಾರವನ್ನು ತಮ್ಮ ಮೇಲೆ ತೆಗೆದುಕೊಂಡವೆಂದು ಖಾತ್ರಿಯಾದ ಮೇಲಷ್ಟೇ ಕಟ್ಟಡವನ್ನು ಹಳೇ ಬುಡದಿಂದ ಬಿಡಿಸಿದರು. ಇನ್ನೂರು ವರ್ಷದ ಗಾರೆ ಗೋಡೆ ರೈಲಿನ ಪಕ್ಕ ಜಾರಿಕೊಂಡು ಹೋಗಿ ಹೊಸ ಜಾಗದಲ್ಲಿ ಕೂತಿತು. ನಮ್ಮ ಕಿಟಕಿಗೂ ಅದೇ ವಿಧಾನ, ಸಣ್ಣ ಪ್ರಮಾಣದಲ್ಲಿ.

ಮೊದಲು ಕೋಣೆಯೊಳಗೆ ಗೋಡೆಯಿಂದ ಎರಡಡಿ ದೂರದಲ್ಲಿ ಜಂತೆಗಳ ಅಡಿಗೆ ಒಂದು ತೊಲೆ ಕೊಟ್ಟು, ಕೆಳಗೆ ಜಾಕಿ ನಿಲ್ಲಿಸಿ ಛಾವಣಿಯ ಭಾರವನ್ನು ಗೋಡೆಯಿಂದ ಇಳಿಸಿಕೊಳ್ಳಬೇಕು. ಜಾಕಿಯ ಅಡಿಗೆ ಹಲಗೆ ಇರಬೇಕು, ಬರೀ ನೆಲ ಸಾಲದು. ಆಮೇಲೆ ಹೊಸ ಲಿಂಟಲ್ ಬರುವ ಮಟ್ಟಕ್ಕಿಂತ ಮೇಲೆ ಅಲ್ಲಲ್ಲಿ ಸಣ್ಣ ತೂತು ಮಾಡಿ, ಆರುಪಾರು ಕಬ್ಬಿಣದ ತುಂಡು ತೊಲೆಗಳನ್ನು ತೂರಿಸಿ, ಒಳಗೂ ಹೊರಗೂ ಆಸರೆ ಕೊಟ್ಟರೆ ಮೇಲಿನ ಗೋಡೆ ಹಿಡಿದು ನಿಲ್ಲುತ್ತದೆ. ಈಗ ಹೊರಬದಿಯಿಂದ ಗೋಡೆಯ ಅರ್ಧ ದಪ್ಪಕ್ಕೆ ಮಾತ್ರ ತೋಡು ಕೊರೆದು ಒಂದು ಚಾನಲ್ ಕೂರಿಸಿ, ಸಂದಿಗೆ ಗಟ್ಟಿ ಗಾರೆಯನ್ನು ಕುಟ್ಟಿ ತುಂಬಬೇಕು. ಅದು ಬಿಗಿಯಾಗಲು ಕೆಲ ದಿನ ಬಿಟ್ಟು ಒಳಬದಿಯ ಅರ್ಧ. ಎರಡು ಚಾನಲನ್ನೂ ಬೋಲ್ಟ್ ಹಾಕಿ ಬಿಗಿದ ಮೇಲೆ ಕೆಳಗಿನ ಗೋಡೆಗೆ ಕೈ. ಚಾನಲಿನ ತುದಿ ಮಣ್ಣುಗೋಡೆಯ ಮೇಲೆ ನೇರ ಕೂರಬಾರದು. ಅಡಿಗೆ ಒಂದು ಕಾಂಕ್ರೀಟ್ ಬೆಡ್ ಬ್ಲಾಕ್ ಅಥವಾ ಅಗಲದ ಸೈಜುಗಲ್ಲು ಬೇಕು.

ಎರಡಡಿ ದಪ್ಪದ ಕಲ್ಲುಗೋಡೆ ಕೊರೆಯುವಾಗ ಒಂದು ವಿಷಯ ತಿಳಿದಿರಬೇಕು. ಅದು ಒಂದು ಗೋಡೆಯಲ್ಲ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು. ನಡುವೆ ಕಲ್ಲಿನ ಚೂರು, ಮಣ್ಣು ತುಂಬಿರುತ್ತಾರೆ. ಎರಡನ್ನೂ ಹಿಡಿದಿಡುವುದು ಅಲ್ಲೊಂದು ಇಲ್ಲೊಂದು ಆರುಪಾರು ಹಾಕಿದ ಉದ್ದಗಲ್ಲು. ಅಂಚು ಕೊರೆದ ಕೂಡಲೇ ಒಳಗಿನ ಚೂರು ಸುರಿಯತೊಡಗುತ್ತದೆ, ಎರಡು ಮೈಗಳೂ ಬೇರೆಯಾಗಿ ಉಬ್ಬುತ್ತವೆ. ಸುರಿಯಲು ಬಿಡದೆ ಒಂದೊಂದಡಿ ಕೊರೆದಂತೆಲ್ಲ ಸುಣ್ಣದ ಗಾರೆ, ಚಿಕ್ಕ ಕಲ್ಲು ಇಟ್ಟು ಅಂಚು ಮುಚ್ಚುತ್ತಾ ಹೋಗಬೇಕು. ಸಿಕ್ಕಿದ ಉದ್ದಗಲ್ಲನ್ನು ಎಳೆದು ಕೀಳಬಾರದು, ಕತ್ತರಿಸಬೇಕು. ಬ್ರೇಕರ್ ಯಂತ್ರ ಬೇಡವೇ ಬೇಡ. ಅದರ ನಡುಕಕ್ಕೆ ಹತ್ತಡಿ ಆಚೆಯ ಗಾರೆಯೂ ಬಿಡುತ್ತದೆ. ಚಾಣ ಸುತ್ತಿಗೆಯ ಕೆಲಸ ನಿಧಾನ, ಕೂಲಿ ಹೆಚ್ಚು, ಆದರೆ ಗೋಡೆ ಉಳಿಯುತ್ತದೆ.

ನೀರಿನ ಮಾತನ್ನೂ ಆಡಬೇಕು. ಮಣ್ಣುಗೋಡೆ ಒಣಗಿದ್ದಾಗ ಗಟ್ಟಿ, ನೆನೆದಾಗ ಅದರ ಬಲದ ಬಹುಪಾಲು ಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಸೀಮೆಯಲ್ಲಿ, ಭತ್ತ ಕಬ್ಬಿನ ಗದ್ದೆಗಳ ನಡುವಿನ ಊರುಗಳಲ್ಲಿ ಗೋಡೆಯ ಬುಡ ವರ್ಷದ ಹೆಚ್ಚು ತಿಂಗಳು ತೇವ ಹಿಡಿದಿರುತ್ತದೆ. ಬಿಳಿ ಉಪ್ಪಿನ ಗೆರೆ ಎಲ್ಲಿವರೆಗೆ ಏರಿದೆ ಎಂದು ನೋಡಿದರೆ ತಿಳಿಯುತ್ತದೆ. ಆ ಗೆರೆಯ ಕೆಳಗಿನ ಗೋಡೆಯನ್ನು ಅರ್ಧ ಬಲದ್ದೆಂದೇ ತಿಳಿಯಬೇಕು. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ತೇವ ಹೊರಬರಲಾಗದೆ ಒಳಗೇ ಕೂತು ಮಣ್ಣನ್ನು ಹುಡಿ ಮಾಡುತ್ತದೆ. ಹೊಸ ಕಿಟಕಿಯ ಸುತ್ತ ಸುಣ್ಣದ ಗಾರೆಯೇ ಆಗಲಿ. ಕೆಳಕ್ಕಿಳಿಸಿದ ಹಾಸುಗಲ್ಲು ಗೋಡೆಯಿಂದ ಎರಡು ಇಂಚು ಹೊರಚಾಚಿ, ಅಡಿಯಲ್ಲಿ ಒಂದು ಗೀರು ಇದ್ದು, ಹೊರಕ್ಕೆ ಇಳಿಜಾರಾಗಿರಬೇಕು. ಮೇಲೆ ಸಜ್ಜ ಇರಲಿ. ಆದರೆ ಹಳೇ ಗೋಡೆಗೆ ಕಾಂಕ್ರೀಟ್ ಸಜ್ಜ ಜೋತುಹಾಕಬೇಡಿ, ಮರದ ಕೈ ಕೊಟ್ಟ ಹೆಂಚಿನ ಇಳಿಜಾರು ಸಾಕು.

ಕಾನೂನಿನ ಮಾತು ಶ್ರೀರಂಗಪಟ್ಟಣದವರಿಗೆ ಮುಖ್ಯ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಕೋಟೆ, ಗುಡಿ, ಮಸೀದಿ, ಬಂದೀಖಾನೆ ಎಲ್ಲವೂ ಒತ್ತಾಗಿರುವ ಊರಿನಲ್ಲಿ ಎಷ್ಟೋ ಮನೆಗಳು ಈ ಗೆರೆಯೊಳಗೇ ಬರುತ್ತವೆ. ಇದ್ದ ಮನೆಯ ರಿಪೇರಿ, ಮಾರ್ಪಾಡು ನಿಷಿದ್ಧವಲ್ಲ. ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಹೊಸಹೊಳಲು, ಕಿಕ್ಕೇರಿ, ಕಂಬದಹಳ್ಳಿಯ ಗುಡಿ ಬಸದಿಗಳ ಅಕ್ಕಪಕ್ಕದವರಿಗೂ ಇದೇ ನಿಯಮ. ಅರ್ಜಿಗೆ ಓಡಾಡುವುದು ಬೇಸರದ ಕೆಲಸ, ನಿಜ. ಆದರೂ ಅರ್ಧ ಒಡೆದ ಗೋಡೆಗೆ ನೋಟಿಸ್ ಬಂದು ಕೆಲಸ ನಿಂತರೆ, ಜಾಕಿಯ ಮೇಲೆ ಮಳೆಗಾಲ ಕಳೆಯಬೇಕಾದ ಮನೆಯ ಸ್ಥಿತಿ ಅದಕ್ಕಿಂತ ಬಹಳ ಕೆಟ್ಟದ್ದು.

ಕೆಲಸಕ್ಕೆ ಒಳ್ಳೆಯ ಕಾಲ ಸಂಕ್ರಾಂತಿಯಿಂದ ಯುಗಾದಿವರೆಗೆ. ಗೋಡೆ ಒಣಗಿರುತ್ತದೆ, ಮುಂಗಾರಿಗೆ ಮುಂಚೆ ಗಾರೆ ಬಿಗಿಯಲು ಸಮಯ ಸಿಗುತ್ತದೆ. ಹಳೇ ಬಿರುಕುಗಳ ಮೇಲೆ ಅಡ್ಡಕ್ಕೆ ಒಂದೊಂದು ಬೆರಳಗಲದ ಗಾರೆ ಪಟ್ಟಿ ಬಳಿದು ತಾರೀಕು ಬರೆದಿಡಿ. ಪಟ್ಟಿ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ, ಅವತ್ತೇ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಯಬೇಕು. ಜಾಕಿಗಳನ್ನು ಎರಡು ಮೂರು ವಾರ ಬಿಟ್ಟು, ಎಲ್ಲವನ್ನೂ ಒಟ್ಟಿಗೆ ಅಲ್ಲ, ಒಂದೊಂದನ್ನೇ ಕಾಲು ಸುತ್ತು ಸಡಿಲಿಸುತ್ತಾ, ಒಂದು ರಾತ್ರಿ ಕಾದು, ಮತ್ತೆ ಸಡಿಲಿಸುತ್ತಾ ತೆಗೆಯಬೇಕು. ಹೊಸ ಚೌಕಟ್ಟನ್ನು ಕೂರಿಸುವುದು ಜಾಕಿಗಳೆಲ್ಲ ಹೋಗಿ, ತೊಲೆ ತನ್ನ ಭಾರಕ್ಕೆ ಒಗ್ಗಿಕೊಂಡ ಮೇಲೆ. ಚೌಕಟ್ಟಿನ ನೆತ್ತಿಗೂ ಲಿಂಟಲಿಗೂ ನಡುವೆ ಅರ್ಧ ಇಂಚು ಸಂದಿ ಬಿಟ್ಟು, ಅದಕ್ಕೆ ಮೆತ್ತನೆಯ ಸುಣ್ಣದ ಗಾರೆ ತುಂಬಿ. ಸಂದಿ ಬಿಡದಿದ್ದರೆ ತೊಲೆ ಒಂದೆಳೆ ಬಾಗಿದರೂ ಕಿಟಕಿಯ ರೆಕ್ಕೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ತೆರೆಯಲು ಬರುವುದಿಲ್ಲ.